ಒಳಮೂಲೆಯಿಂದ ಬಾಗಿಲಿಗೆ

ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಬಂದು, ನೀನು ಹೊಟ್ಟೆಕಿಚ್ಚಿಗೆ ಹೀಗೆಲ್ಲ ಮಾಡಿದೆ ಅನ್ನುವುದು ಬೇಡ. ಹೌದು, ಹೊಟ್ಟೆಕಿಚ್ಚು ಇತ್ತು. ನ್ಯಾಯವೂ ನನ್ನ ಕಡೆಯೇ ಇತ್ತು. ಎರಡೂ ಒಂದೇ ಹೊಟ್ಟೆಯಲ್ಲಿ ಇರಬಹುದು.

ನಾನು ವಿಶ್ವವಿದ್ಯಾಲಯದಲ್ಲಿ ನೆಲ ಒರೆಸುವವಳು. ಕಂಪ್ಯೂಟರ್ ವಿಭಾಗದ ಕಟ್ಟಡ, ಎರಡನೇ ಮಹಡಿ. ಎರಡು ಲ್ಯಾಬು, ನಾಲ್ಕು ತರಗತಿ, ಒಂದು ಸಭೆಯ ಕೋಣೆ, ಆರು ಕಕ್ಕಸು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಬೂದು ಬಣ್ಣದ ಯೂನಿಫಾರಂ. ಎರಡೂವರೆಗೆ ಅದೇ ಮಹಡಿಯಲ್ಲಿ ನಾನು ವಿದ್ಯಾರ್ಥಿನಿ. ನಡುವಿನ ಅರ್ಧ ಗಂಟೆಯಲ್ಲಿ ಬಕೆಟ್ಟು ಇಡುವ ಗೂಡಿನೊಳಗೆ ನಿಂತು ಬಟ್ಟೆ ಬದಲಿಸುತ್ತಿದ್ದೆ. ಫಿನಾಯಿಲ್ ವಾಸನೆ ಹೋಗಲಿ ಎಂದು ಕೈಯನ್ನು ಚರ್ಮ ಕೆಂಪಾಗುವ ತನಕ ತಿಕ್ಕುತ್ತಿದ್ದೆ. ವಾಸನೆ ಹೋಗುತ್ತಿರಲಿಲ್ಲ. ನನ್ನ ಪಕ್ಕದ ಕುರ್ಚಿ ಯಾವಾಗಲೂ ಖಾಲಿ ಇರುತ್ತಿತ್ತು.

ಸಿಬ್ಬಂದಿ ಕೋಟಾ ಅಂತ ಒಂದಿದೆ. ಐದು ವರ್ಷ ಕೆಲಸ ಮಾಡಿದವರು ಪ್ರವೇಶ ಪರೀಕ್ಷೆ ಪಾಸಾದರೆ ಪದವಿಗೆ ಸೇರಬಹುದು. ಗುಮಾಸ್ತರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮ ಅದು. ಕಸ ಗುಡಿಸುವವರೂ ಸಿಬ್ಬಂದಿಯೇ ಎನ್ನುವುದು ಬರೆದವರಿಗೆ ಹೊಳೆದಿರಲಿಲ್ಲ, ಹಾಗಾಗಿ ಬೇಡ ಎಂದು ಬರೆಯಲು ಮರೆತಿದ್ದರು. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಆ ಸಂದಿಯಲ್ಲಿ ನುಸುಳಿದೆ. ನಮ್ಮ ಮೇಲ್ವಿಚಾರಕ ಅಂದಿನಿಂದ ನನ್ನನ್ನು ಇಂಜಿನಿಯರ್ ಎಂದೇ ಕರೆಯುತ್ತಿದ್ದ.

"ಏನಮ್ಮಾ ಇಂಜಿನಿಯರ್, ಮೂರನೇ ಕಕ್ಕಸು ಕಟ್ಕೊಂಡಿದೆ. ಪ್ರೋಗ್ರಾಮ್ ಬರೆದು ಬಿಡಿಸ್ತೀಯೋ, ಕೈ ಹಾಕ್ತೀಯೋ?"

ನಾನು ಕೈ ಹಾಕುತ್ತಿದ್ದೆ.

ಪ್ರೋಗ್ರಾಮಿಂಗ್ ತರಗತಿಯ ಮೊದಲ ದಿನ ಮೇಷ್ಟ್ರು ಪಾಠ ಮಾಡಲಿಲ್ಲ. ಹನ್ನೊಂದು ಪುಟದ ನಿಯಮಾವಳಿ ಹಂಚಿ, ಇನ್ನೂರಹತ್ತು ಜನರ ಎದುರಿಗೆ ಒಂದೊಂದೇ ಸಾಲು ಓದಿದರು. ತೆಳ್ಳನೆಯ ಮನುಷ್ಯ. ಯಾರಿಗೂ ಬೈದವರಲ್ಲ. ಪ್ರತಿ ಪುಟ ಮುಗಿದಾಗಲೂ ತಲೆಯೆತ್ತಿ, "ಇದು ಎಲ್ಲರಿಗೂ ಒಂದೇ" ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ನಿಜವಾದ ಸಂತೋಷವಿರುತ್ತಿತ್ತು. ಎಲ್ಲರೂ ಸ್ವಂತ ಲ್ಯಾಪ್‌ಟಾಪ್ ತರತಕ್ಕದ್ದು. ಎಲ್ಲರೂ ವಾರಕ್ಕೆ ಹನ್ನೆರಡು ಗಂಟೆ ಮನೆಯಲ್ಲಿ ಅಭ್ಯಾಸ ಮಾಡತಕ್ಕದ್ದು. ಪ್ರತಿ ಶುಕ್ರವಾರ ಸಂಜೆ ಐದರೊಳಗೆ ಎಲ್ಲರೂ ಆ ವಾರದ ಪ್ರೋಗ್ರಾಮನ್ನು ಸಲ್ಲಿಸತಕ್ಕದ್ದು. ಕೆಲಸ ನಿಮ್ಮದೇ ಆಗಿರತಕ್ಕದ್ದು. ಎಲ್ಲವನ್ನೂ ಒಂದು ಯಂತ್ರ ಹೋಲಿಸಿ ನೋಡುತ್ತದೆ. ಎರಡು ಒಂದೇ ತರಹ ಇದ್ದರೆ, ಮೊದಲು ಸಲ್ಲಿಸಿದ್ದು ಅಸಲು, ಆಮೇಲೆ ಸಲ್ಲಿಸಿದ್ದು ನಕಲು.

ಒಂಬತ್ತನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ನಕಲು ಸಾಬೀತಾದರೆ ಉಳಿದವರಿಗೆ ಆ ಪ್ರೋಗ್ರಾಮಿಗೆ ಮಾತ್ರ ಸೊನ್ನೆ, ಸಿಬ್ಬಂದಿ ಕೋಟಾದವರಿಗೆ ಸೀಟೇ ರದ್ದು. ಅದನ್ನು ಓದಿದ ಮೇಲೆ ಮೇಷ್ಟ್ರು ತಲೆಯೆತ್ತಲಿಲ್ಲ, ಹಾಳೆ ಮಗುಚಿದರು.

ನನ್ನ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ. ಲ್ಯಾಬಿನಲ್ಲಿ ಅರವತ್ತು ಕಂಪ್ಯೂಟರುಗಳಿದ್ದವು. ಪ್ರತಿದಿನ ಬೆಳಿಗ್ಗೆ ಆರೂವರೆಗೆ ಅರವತ್ತನ್ನೂ ನಾನೇ ಒರೆಸುತ್ತಿದ್ದೆ. ಆ ಹೊತ್ತಿನಲ್ಲಿ ಅಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಆದರೆ ಗೋಡೆಗೆ ಚೀಟಿ ಅಂಟಿಸಿದ್ದರು: ಸ್ವಚ್ಛತಾ ಸಿಬ್ಬಂದಿ ಕಂಪ್ಯೂಟರುಗಳನ್ನು ಬಳಸಕೂಡದು. ಮೇಲೆ ಕ್ಯಾಮೆರಾ. ಯೂನಿಫಾರಂ ಮೈಮೇಲಿದ್ದಷ್ಟು ಹೊತ್ತು ಆ ಕೀಲಿಗಳನ್ನು ಬಟ್ಟೆಯ ಮೂಲಕ ಮಾತ್ರ ಮುಟ್ಟಬಹುದಿತ್ತು. ಯಾವ ಕೀಲಿಗೆ ಎಷ್ಟು ಕೊಳೆ ಕೂರುತ್ತದೆ ಎಂದು ನನಗೆ ಬಾಯಿಪಾಠ. ಎಲ್ಲಕ್ಕಿಂತ ಕೊಳಕಾಗಿರುತ್ತಿದ್ದುದು ಅಳಿಸುವ ಕೀಲಿ. ಬರೆದು ಅಳಿಸಿ, ಬರೆದು ಅಳಿಸಿ, ಅದರ ಮೇಲಿನ ಗುರುತೇ ಸವೆದಿತ್ತು.

ಯೂನಿಫಾರಂ ಬಿಚ್ಚಿದ ಮೇಲೆ ಲ್ಯಾಬಿಗೆ ಹೋದರೆ ಸರದಿ ಸಾಲು. ಐದಕ್ಕೆ ಬಾಗಿಲು ಹಾಕುತ್ತಾರೆ. ಒಂದು ವಾರದಲ್ಲಿ ನನಗೆ ಕಂಪ್ಯೂಟರಿನ ಮುಂದೆ ಸಿಗುತ್ತಿದ್ದುದು ಅರ್ಧ ಗಂಟೆ, ಪುಣ್ಯ ಮಾಡಿದ್ದರೆ ಮುಕ್ಕಾಲು. ಹಾಗಾಗಿ ಪ್ರೋಗ್ರಾಮುಗಳನ್ನು ಕಾಗದದ ಮೇಲೆ ಬರೆಯುತ್ತಿದ್ದೆ. ಪ್ರತಿ ಕಕ್ಕಸಿನ ಬಾಗಿಲ ಹಿಂದೆ ಒಂದು ಹಾಳೆ ತೂಗಿರುತ್ತದೆ, ಎಷ್ಟು ಗಂಟೆಗೆ ತೊಳೆದೆ ಎಂದು ಗುರುತು ಹಾಕುವುದಕ್ಕೆ. ವಾರ ಮುಗಿದ ಹಾಳೆಗಳನ್ನು ಎಸೆಯುತ್ತಾರೆ. ಅವುಗಳ ಬೆನ್ನು ಖಾಲಿ. ಅಲ್ಲಿ ಬರೆದು, ನಾನೇ ಕಂಪ್ಯೂಟರ್ ಆಗಿ ಒಂದೊಂದು ಸಾಲನ್ನೂ ತಲೆಯಲ್ಲಿ ಓಡಿಸಿ, ತಪ್ಪು ಹುಡುಕಿ, ತಿದ್ದಿ, ಮತ್ತೆ ಓಡಿಸುತ್ತಿದ್ದೆ. ಬಸ್ಸಿನಲ್ಲಿ ನಿಂತು ಓಡಿಸುತ್ತಿದ್ದೆ. ಕಮೋಡು ತಿಕ್ಕುತ್ತಾ ಓಡಿಸುತ್ತಿದ್ದೆ.

ಈಗ ಬಿಳಿ ಶೂ ವಿಷಯ.

ಅವಳು ಹದಿನೆಂಟರ ಹುಡುಗಿ. ಹೆಸರು ಬೇರೆ ಇತ್ತು, ನನ್ನ ಪಾಲಿಗೆ ಬಿಳಿ ಶೂ. ಅಷ್ಟು ಬೆಳ್ಳಗಿನ ಶೂವನ್ನು ನಾನು ಕಾಲಿನ ಮೇಲೆ ನೋಡಿರಲಿಲ್ಲ, ಅಂಗಡಿಯ ಗಾಜಿನ ಹಿಂದೆ ನೋಡಿದ್ದೆ. ಬೆಳಿಗ್ಗೆ ಒರೆಸಿದ ಕಾರಿಡಾರಿನ ಮೇಲೆ, ನೆಲ ಒಣಗುವ ಮುಂಚೆಯೇ, ಫೋನು ನೋಡುತ್ತಾ ನಡೆದುಬರುತ್ತಿದ್ದಳು. ನೆಲ ಒದ್ದೆಯಿದೆ ಎಂದು ನಾನಿಟ್ಟ ಹಳದಿ ಬೋರ್ಡು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಉದ್ದಕ್ಕೂ ಹೆಜ್ಜೆ ಗುರುತು. ನಾನು ಮತ್ತೆ ಒರೆಸುತ್ತಿದ್ದೆ. ಕೆಟ್ಟ ಹುಡುಗಿಯಲ್ಲ. ನನ್ನನ್ನು ಅಕ್ಕ ಎನ್ನುತ್ತಿದ್ದಳು. ತರಗತಿಯಲ್ಲಿ ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಎರಡು ಸಲ ಬಂದು ಕೂತವಳೂ ಅವಳೊಬ್ಬಳೇ. ಅದಕ್ಕೇ ನನ್ನ ಹೊಟ್ಟೆ ಇನ್ನೂ ಹೆಚ್ಚು ಉರಿಯುತ್ತಿತ್ತು. ಅವಳು ಸೊಕ್ಕಿನವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳ ಲ್ಯಾಪ್‌ಟಾಪಿನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅದರ ಮೇಲೆ ಒಮ್ಮೆ ಕಾಫಿ ಚೆಲ್ಲಿದಾಗ, "ಹೋಗ್ಲಿ ಬಿಡು, ಮನೇಲಿ ಇನ್ನೊಂದಿದೆ" ಅಂದಳಲ್ಲ, ಆ ಮಾತಿನ ಮೇಲೂ ಹೊಟ್ಟೆಕಿಚ್ಚಿತ್ತು. ಅವಳ ಬೆರಳಿನ ಮೇಲೆ. ಊದಿಕೊಳ್ಳದ ಮೊಣಕಾಲಿನ ಮೇಲೆ. ತರಗತಿಯಲ್ಲಿ ತೂಕಡಿಸಿದರೂ ಯಾರೂ ಏನೂ ಅನ್ನದ ಅವಳ ನಿದ್ದೆಯ ಮೇಲೆ. ಎಲ್ಲಕ್ಕಿಂತ ಹೆಚ್ಚು ಅವಳ ತಪ್ಪುಗಳ ಮೇಲೆ. ಒಂದು ಪ್ರೋಗ್ರಾಮನ್ನು ನಲವತ್ತು ಸಲ ಓಡಿಸುತ್ತಿದ್ದಳು. ಮೂವತ್ತೊಂಬತ್ತು ಸಲ ಕೆಂಪು ಅಕ್ಷರ ಬರುತ್ತಿತ್ತು. ನಗುತ್ತಿದ್ದಳು, ಒಂದು ಅಕ್ಷರ ಬದಲಿಸುತ್ತಿದ್ದಳು, ಮತ್ತೆ ಓಡಿಸುತ್ತಿದ್ದಳು. ಅವಳು ತಪ್ಪು ಮಾಡಿ ಮಾಡಿ ಕಲಿಯುತ್ತಿದ್ದಳು. ನಾನು ತಪ್ಪು ಮಾಡದೆ ಕಲಿಯಬೇಕಿತ್ತು.

ಆರನೇ ವಾರದ ಪ್ರೋಗ್ರಾಮು ಒಂದು ಸಭಾಂಗಣದ್ದು. ಇಪ್ಪತ್ತು ಸಾಲು, ಸಾಲಿಗೆ ಮೂವತ್ತು ಕುರ್ಚಿ. ಯಾವ ಕುರ್ಚಿ ಖಾಲಿ ಇದೆ ಎಂದು ಒಂದೊಂದಾಗಿ ನೋಡಿಕೊಂಡು ಹೋಗಿ ಎಣಿಸಬೇಕು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದಕ್ಕೆ ಲೂಪ್ ಎನ್ನುತ್ತಾರೆ. ನನಗದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬುಧವಾರ ಬಸ್ಸು ಇಳಿಯುವಷ್ಟರಲ್ಲಿ ಪ್ರೋಗ್ರಾಮು ತಲೆಯಲ್ಲಿತ್ತು, ಹತ್ತು ಗಂಟೆಯ ಚಹಾ ಬಿಡುವಿನಲ್ಲಿ ಕಾಗದಕ್ಕೆ ಇಳಿಯಿತು.

ಅಂದು ಸಂಜೆ ಲ್ಯಾಬಿನಲ್ಲಿ ದೊಡ್ಡ ತರಗತಿಯವರ ಪರೀಕ್ಷೆ. ನನಗೆ ಜಾಗವಿಲ್ಲ. ಮೆಟ್ಟಿಲ ಮೇಲೆ ಕೂತು ಹಾಳೆ ನೋಡುತ್ತಿದ್ದೆ. ಬಿಳಿ ಶೂ ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾ, ಏನಿದು? ಪೇಪರ್ ಮೇಲೆ ಕೋಡಾ?"

"ಹೂಂ."

"ಓಡುತ್ತೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?"

"ತಲೇಲಿ ಓಡಿಸ್ತೀನಿ."

ಅವಳು ಹಾಳೆ ತಿರುಗಿಸಿ ನೋಡಿದಳು. ಆ ಕಡೆ ಬರೆದದ್ದು ಓದಿದಳು: ಕಕ್ಕಸು ನಾಲ್ಕು, ಏಳು ಗಂಟೆ ಹತ್ತು ನಿಮಿಷ, ತೊಳೆಯಲಾಗಿದೆ. ಮುಖ ಕೆಂಪಾಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಅವಳು ಲ್ಯಾಪ್‌ಟಾಪ್ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಟೈಪ್ ಮಾಡಿ ನೋಡಕ್ಕಾ. ಹತ್ತು ನಿಮಿಷ. ನಾನು ಕಾಫಿ ಕುಡಿದು ಬರ್ತೀನಿ."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಆ ಕೀಲಿಗಳು ಮೆತ್ತಗಿದ್ದವು, ಒತ್ತಿದರೆ ಸದ್ದೇ ಇಲ್ಲ. ಯಾರೂ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿರಲಿಲ್ಲ. ಟೈಪ್ ಮಾಡಿ ಓಡಿಸಿದೆ. ಮೊದಲ ಸಲಕ್ಕೇ ಓಡಿತು. ಒಂದೂ ಕೆಂಪು ಅಕ್ಷರವಿಲ್ಲ. ಮೆಟ್ಟಿಲ ಮೇಲೆ ಒಬ್ಬಳೇ ಕೂತು ಹುಚ್ಚಿಯ ಹಾಗೆ ನಕ್ಕೆ. ಮುಚ್ಚುವಾಗ ಅದು ಕೇಳಿತು: ಉಳಿಸಬೇಕೇ? ಹೌದು ಎಂದು ಒತ್ತಿದೆ. ತನ್ನ ಕೆಲಸವನ್ನು ಉಳಿಸಬೇಡ ಎಂದು ಯಾರಾದರೂ ಹೇಳುತ್ತಾರೆಯೇ? ಲ್ಯಾಬಿನ ಕಂಪ್ಯೂಟರಿನಲ್ಲಿ ನಾವು ಎದ್ದ ಕೂಡಲೇ ಎಲ್ಲವೂ ಅಳಿಸಿಹೋಗುತ್ತದೆ, ಹೌದು ಎಂದು ಒತ್ತಿದರೂ ಅಷ್ಟೆ. ನನಗೆ ಗೊತ್ತಿದ್ದುದು ಆ ಕಂಪ್ಯೂಟರುಗಳು ಮಾತ್ರ. ಸ್ವಂತದ್ದು ಇರುವವರಿಗೆ ಏನೂ ಅಳಿಸುವುದಿಲ್ಲ ಎಂದು ನನಗೆ ಹೇಗೆ ತಿಳಿಯಬೇಕು?

ಶುಕ್ರವಾರ ನಾಲ್ಕೂ ಇಪ್ಪತ್ತಕ್ಕೆ ಲ್ಯಾಬಿನಲ್ಲಿ ನನ್ನ ಸರದಿ ಬಂತು. ನಾಲ್ಕೂ ಐವತ್ತೆರಡಕ್ಕೆ ಸಲ್ಲಿಸಿದೆ.

ಸೋಮವಾರ ಪತ್ರ ಬಂತು. ನನ್ನ ಪ್ರೋಗ್ರಾಮು ಇನ್ನೊಬ್ಬ ವಿದ್ಯಾರ್ಥಿನಿಯದನ್ನು ಅಕ್ಷರಕ್ಕಕ್ಷರ ಹೋಲುತ್ತದೆ. ಅವಳು ಸಲ್ಲಿಸಿದ್ದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ. ನನ್ನದು ನಕಲು. ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆಗೆ ಹಾಜರಾಗತಕ್ಕದ್ದು. ಹನ್ನೊಂದಕ್ಕೆ ನನ್ನ ಕೆಲಸದ ಪಾಳಿ ಇರುತ್ತದೆ, ಬೇರೆ ಸಮಯ ಕೊಡಿ ಎಂದು ಕೇಳಿದೆ. ಸಮಯ ಎಲ್ಲರಿಗೂ ಒಂದೇ ಎಂದು ಉತ್ತರ ಬಂತು.

ಪತ್ರದ ಜೊತೆ ಒಂದು ಫಾರಂ ಇತ್ತು. ತಪ್ಪೊಪ್ಪಿಗೆ. ಸಹಿ ಹಾಕಿದರೆ ಸೀಟು ರದ್ದು, ವಿಷಯ ಅಲ್ಲಿಗೇ ಮುಗಿಯಿತು, ಕೆಲಸಕ್ಕೆ ತೊಂದರೆಯಿಲ್ಲ. ಹಾಕದಿದ್ದರೆ ಫೈಲು ಮೇಲಿನ ಮಂಡಳಿಗೆ ಹೋಗುತ್ತದೆ. ಅಲ್ಲಿ ತಪ್ಪು ಎಂದಾದರೆ ಸೀಟೂ ಇಲ್ಲ, ಬೂದು ಯೂನಿಫಾರಮ್ಮೂ ಇಲ್ಲ.

ಆ ಸಂಜೆ ಬಿಳಿ ಶೂವನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದೆ.

"ನಂದು ತಗೊಂಡ್ಯಾ?"

ಅವಳು ನೆಲ ನೋಡಿದಳು. "ಅಕ್ಕಾ, ನನಗೆ ಆ ವಾರ ಏನೂ ಬರ್ಲಿಲ್ಲ. ಅದು ಅಲ್ಲೇ ಇತ್ತು. ಯಂತ್ರ ಹಿಡಿಯುತ್ತೆ ಅಂದ್ಕೊಂಡಿರ್ಲಿಲ್ಲ."

"ಮೇಷ್ಟ್ರಿಗೆ ಹೇಳು."

"ಅಪ್ಪ ಸಾಯಿಸಿಬಿಡ್ತಾರೆ. ನಿನಗೆ ಹೇಗೂ ಕೆಲಸ ಇದೆಯಲ್ಲಾ."

ನಿನಗೆ ಹೇಗೂ ಕೆಲಸ ಇದೆಯಲ್ಲಾ. ಈ ಮಾತನ್ನು ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹಾಗೆ ಅಂದುಕೊಂಡೇ ನಾನು ಅವಳ ಕಪಾಳಕ್ಕೆ ಬಾರಿಸದೆ ಬಂದೆ.

ಮನೆಯಲ್ಲಿ ಅಮ್ಮ ಮಂಡಿಗೆ ಬಿಸಿನೀರಿನ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಅಮ್ಮನೂ ಇದೇ ಕೆಲಸದವಳು. ಇಪ್ಪತ್ತಾರು ವರ್ಷ ಕಚೇರಿಗಳ ನೆಲ ಒರೆಸಿ ಎರಡೂ ಮಂಡಿ ಕೊಟ್ಟು ಬಂದವಳು. ಪತ್ರ ಓದಿ ಹೇಳಿದೆ. ಪೂರ್ತಿ ಕೇಳಿದಳು.

"ಕದ್ದಿದೀಯಾ?"

"ಇಲ್ಲ."

"ಮತ್ತೆ ಸಹಿ ಯಾಕೆ?"

"ಹಾಕದಿದ್ರೆ ಕೆಲಸಾನೂ ಹೋಗ್ಬೋದಮ್ಮ."

ಅಮ್ಮ ಬಟ್ಟೆ ಬಿಚ್ಚಿ, ಹಿಂಡಿ, ಮತ್ತೆ ಕಟ್ಟಿಕೊಂಡಳು. "ನಾನೊಂದು ಸಲ ಹಾಕಿದೀನಿ" ಅಂದಳು. ನನಗೆ ಗೊತ್ತಿರಲಿಲ್ಲ. "ನೀನು ಚಿಕ್ಕೋಳು. ಆಫೀಸಿನಲ್ಲಿ ಒಬ್ಬರ ಕೈಗಡಿಯಾರ ಕಾಣೆಯಾಯ್ತು. ತಗೊಂಡಿದ್ದೆ, ಕ್ಷಮಿಸಿ ಅಂತ ಬರೆಸಿ ಸಹಿ ಮಾಡಿಸ್ಕೊಂಡ್ರು. ಸಹಿ ಮಾಡಿದ್ರೆ ಕೆಲಸ ಉಳಿಯುತ್ತೆ ಅಂದ್ರು. ಉಳೀತು. ಒಂದು ವಾರಕ್ಕೆ ಗಡಿಯಾರ ಆತನ ಮೇಜಿನ ಡ್ರಾಯರಲ್ಲೇ ಸಿಕ್ತು. ಆ ಕಾಗದ ಹರಿದುಹಾಕಿ ಅಂತ ಕೇಳ್ದೆ. ಫೈಲಿಗೆ ಸೇರಿದ್ದನ್ನ ತೆಗೆಯೋಕಾಗಲ್ಲ ಅಂದ್ರು. ಹದಿನೆಂಟು ವರ್ಷ ಅಲ್ಲಿದ್ದೆ. ಯಾರ ಪರ್ಸು ಕಾಣದೇ ಹೋದ್ರೂ ಮೊದಲು ನನ್ನ ಚೀಲ ಬಿಚ್ಚಿಸ್ತಿದ್ರು."

ಅಮ್ಮ ಅಳಲಿಲ್ಲ. ಅಳುವ ಕಾಲ ಮುಗಿದಿತ್ತು. "ನಿಂಗೇನು ಅನ್ಸುತ್ತೋ ಮಾಡು. ನಂಗೆ ಮಾತ್ರ ಆ ಕಾಗದದ ಮುಂದೆ ಈ ಮಂಡಿ ನೋವು ಏನೂ ಅಲ್ಲ" ಅಂದಳು.

ಗುರುವಾರ ಹನ್ನೊಂದಕ್ಕೆ ಸಭೆಯ ಕೋಣೆಗೆ ಹೋದೆ. ಯೂನಿಫಾರಂನಲ್ಲೇ ಹೋದೆ, ಪಾಳಿಯ ನಡುವೆ ಬಟ್ಟೆ ಬದಲಿಸುವಂತಿಲ್ಲ. ಬಕೆಟ್ಟು, ಒರೆಸುವ ಕೋಲು, ಹಳದಿ ಬೋರ್ಡು ಬಾಗಿಲ ಹೊರಗಿಟ್ಟೆ. ಹೊರಗಿನ ಬೆಂಚಿನ ಮೇಲೆ ಬಿಳಿ ಶೂವಿನ ತಾಯಿ ಕೂತಿದ್ದರು, ಮಡಿಲಲ್ಲಿ ನೀರಿನ ಬಾಟಲಿ ಹಿಡಿದುಕೊಂಡು, ಮಗಳಿಗೆ ಬಾಯಾರಿದರೆ ಬೇಕಲ್ಲ ಎಂದು. ಆ ಬಾಟಲಿ ನೋಡಿಯೂ ನನಗೆ ಹೊಟ್ಟೆ ಉರಿಯಿತು.

ಒಳಗೆ ಮೂವರು. ವಿಭಾಗದ ಮುಖ್ಯಸ್ಥೆ, ಮೇಷ್ಟ್ರು, ಫೈಲು ಹಿಡಿದ ಗುಮಾಸ್ತ. ಬಿಳಿ ಶೂ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನನಗೆ ಯಾರೂ ಕೂರು ಎನ್ನಲಿಲ್ಲ. ಯೂನಿಫಾರಂನಲ್ಲಿ ಇದ್ದವರಿಗೆ ಹಾಗೆ ಹೇಳುವುದು ಹೊಳೆಯುವುದಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ.

ಮುಖ್ಯಸ್ಥೆ ಶುರುಮಾಡಿದರು. "ನೋಡಮ್ಮಾ, ನಮಗೆ ನಿನ್ನ ಮೇಲೆ ದ್ವೇಷ ಇಲ್ಲ. ಎರಡು ಪ್ರೋಗ್ರಾಮು ಒಂದೇ. ಆ ಹುಡುಗಿ ಒಂದು ದಿನ ಮುಂಚೆ ಕಳಿಸಿದ್ದಾಳೆ. ಸಹಿ ಹಾಕಿಬಿಡು, ಎಲ್ಲರಿಗೂ ಒಳ್ಳೇದು."

"ಬರೆದೋಳು ನಾನು, ಮೇಡಂ."

ಹಾಳೆ ತೆಗೆದು ಕೊಟ್ಟೆ. ಮೇಷ್ಟ್ರು ಪ್ರೋಗ್ರಾಮು ಇದ್ದ ಬದಿ ಓದಿದರು, ತಿರುಗಿಸಿ ಕಕ್ಕಸಿನ ಬದಿಯನ್ನೂ ಓದಿದರು, ಮೆಲ್ಲನೆ ಮೇಜಿನ ಮೇಲಿಟ್ಟರು.

"ಇದನ್ನ ಆಮೇಲೂ ಬರೀಬಹುದು. ಸಾಕ್ಷಿ ಅಂತ ತಗೊಳ್ಳೋಕಾಗಲ್ಲ" ಅಂದರು. ಇನ್ನೊಂದು ಮಾತು ಸೇರಿಸಿದರು. "ನನಗೆ ಒಂದೇ ವಿಷಯ ಅರ್ಥ ಆಗ್ತಿಲ್ಲ. ಈ ಲೂಪ್ ಹಿಂದಿನಿಂದ ಓಡುತ್ತೆ. ಕೊನೇ ಸಾಲಿನ ಕೊನೇ ಕುರ್ಚಿಯಿಂದ ಶುರುವಾಗಿ ಮೊದಲನೇದಕ್ಕೆ ಬರುತ್ತೆ. ತಪ್ಪೇನಲ್ಲ, ಲೆಕ್ಕ ಸರಿಯಾಗೇ ಬರುತ್ತೆ. ಆದ್ರೆ ಇನ್ನೂರಹತ್ತು ಜನರಲ್ಲಿ ಬೇರೆ ಯಾರೂ ಹೀಗೆ ಬರೆದಿಲ್ಲ. ನಾನು ಹೀಗೆ ಹೇಳಿಕೊಟ್ಟೂ ಇಲ್ಲ."

ಹಿಂದಿನಿಂದ ಬರೆದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನನ್ನ ಪಾಲಿಗೆ ಅದು ಹಿಂದಲ್ಲ. ಶುರುಮಾಡುವುದೇ ಅಲ್ಲಿಂದ.

"ಅವಳನ್ನೇ ಕೇಳಿ ಸಾರ್" ಅಂದೆ. "ಯಾಕೆ ಹಿಂದಿನಿಂದ ಅಂತ."

ಮೇಷ್ಟ್ರು ಬಿಳಿ ಶೂ ಕಡೆ ತಿರುಗಿದರು.

"ಅದು... ಹಾಗೆ ಮಾಡಿದ್ರೆ ವೇಗ ಜಾಸ್ತಿ ಸಾರ್."

"ಇಲ್ಲ. ಎರಡೂ ಒಂದೇ ವೇಗ."

"ನನಗೆ ಹಾಗೆ ತೋಚ್ತು ಸಾರ್."

"ನೀನು ಹೇಳಮ್ಮಾ. ಯಾಕೆ ಹಿಂದಿನಿಂದ?"

ಪುಸ್ತಕದ ಭಾಷೆಯಲ್ಲಿ ಅದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಎದ್ದು ಹೊರಗೆ ಹೋದೆ. ಬಕೆಟ್ಟು, ಕೋಲು ಒಳಗೆ ತಂದೆ.

"ಏನಿದು?" ಮುಖ್ಯಸ್ಥೆ ಕೇಳಿದರು.

"ಉತ್ತರ ಮೇಡಂ."

ಅವರ ಕುರ್ಚಿಯ ಹಿಂದಿನ ಒಳಮೂಲೆಗೆ ಹೋದೆ. ಬಟ್ಟೆ ಅದ್ದಿ, ಹಿಂಡಿ, ಗೋಡೆಯಿಂದ ಗೋಡೆಗೆ ಒಂದು ಪಟ್ಟಿ ಎಳೆದೆ. ಒಂದು ಹೆಜ್ಜೆ ಹಿಂದೆ. ಇನ್ನೊಂದು ಪಟ್ಟಿ. ಒಂದು ಹೆಜ್ಜೆ ಹಿಂದೆ. ಮುಖ್ಯಸ್ಥೆಯ ಕಾಲು ಅಡ್ಡ ಬಂತು. ಎತ್ತಿದರು. ನಾನು ಕೇಳಿರಲಿಲ್ಲ. ಅವರೂ ಬೇಕೆಂದು ಎತ್ತಲಿಲ್ಲ, ಇಡೀ ಜೀವಮಾನ ಯಾರೋ ಒಬ್ಬರು ಬಂದು ಕಾಲ ಕೆಳಗೆ ಒರೆಸಿದ ಅಭ್ಯಾಸ ಅದು. ಗುಮಾಸ್ತ ಫೈಲಿನ ಸಮೇತ ಕಾಲೆತ್ತಿದ. ಮೇಷ್ಟ್ರು ಎತ್ತಿದರು. ಬಿಳಿ ಶೂ ಎರಡೂ ಕಾಲನ್ನು ಕುರ್ಚಿಯ ಮೇಲೇ ಮಡಚಿ ಇಟ್ಟುಕೊಂಡಳು. ನಾನು ಯಾರ ಮುಖವನ್ನೂ ನೋಡಲಿಲ್ಲ. ಸೊಂಟ ಬಗ್ಗಿಸಿ, ಎಡಕ್ಕೆ, ಬಲಕ್ಕೆ, ಒಂದು ಹೆಜ್ಜೆ ಹಿಂದೆ. ಮೇಜು ದಾಟಿದೆ. ನನ್ನ ಕುರ್ಚಿ ದಾಟಿದೆ. ಕೊನೆಯ ಪಟ್ಟಿ ಎಳೆದಾಗ ನನ್ನ ಹಿಮ್ಮಡಿ ಹೊಸ್ತಿಲಿಗೆ ತಾಗಿತು. ಒಂದು ಹೆಜ್ಜೆ ಹಿಂದಿಟ್ಟು ಹೊರಗೆ ನಿಂತೆ.

"ಬಾಗಿಲಿಂದ ಶುರುಮಾಡಿದ್ರೆ ನಾನು ಒಳಗೇ ಸಿಕ್ಕಿಹಾಕ್ಕೋತೀನಿ ಸಾರ್" ಅಂದೆ. "ಆಚೆ ಬರ್ಬೇಕು ಅಂದ್ರೆ ನಾನು ಮಾಡಿದ ಕೆಲಸನ ನಾನೇ ತುಳೀಬೇಕು. ಅದಕ್ಕೇ ಒಳಮೂಲೆಯಿಂದ ಶುರು. ನಮ್ಮಮ್ಮ ಕಲಿಸಿದ್ದು. ನೀವು ಸಭಾಂಗಣ ಅಂತ ಬರೆದಿದ್ರಿ. ನಾನು ಸಭಾಂಗಣ ಒರೆಸಿದೀನಿ. ಕೊನೇ ಸಾಲಿನ ಕೊನೇ ಕುರ್ಚಿಯಿಂದ್ಲೇ ಒರೆಸಿದೀನಿ."

ಮೇಷ್ಟ್ರು ನನ್ನ ಹಾಳೆಯನ್ನು ಮತ್ತೆ ಎತ್ತಿಕೊಂಡು, ಬೆರಳಿಟ್ಟು, ಒಂದೊಂದು ಸಾಲೂ ಓದಿದರು. ಬೆರಳು ನಿಂತಾಗ ಅವರ ಕಿವಿ ಕೆಂಪಾಗಿತ್ತು.

ಬಿಳಿ ಶೂ ಅಳಲು ಶುರುಮಾಡಿದಳು. "ಅಕ್ಕಂದೇ ಸಾರ್. ನನ್ನ ಲ್ಯಾಪ್‌ಟಾಪಲ್ಲಿ ಟೈಪ್ ಮಾಡಿದ್ರು. ನಾನು ಹಾಗೇ ಕಳಿಸ್ಬಿಟ್ಟೆ."

ನನ್ನ ಬೆನ್ನ ಹಿಂದಿನಿಂದ ಅವಳ ತಾಯಿಯ ದನಿ ಬಂತು. "ಹೋಗ್ಲಿ ಪುಟ್ಟಾ, ನಿಜ ಹೇಳಿದ್ಯಲ್ಲ. ಅಳ್ಬೇಡ." ಆ ದನಿಯಲ್ಲಿ ಹೆಮ್ಮೆಯಿತ್ತು. ಮುಖ್ಯಸ್ಥೆಯೂ ಮೃದುವಾದರು. ಒಂದು ಸೊನ್ನೆಗೆ ಅಷ್ಟೊಂದು ಅಳಬೇಡ, ಎಲ್ಲಕ್ಕಿಂತ ಕಡಿಮೆ ಬಂದ ಅಂಕವನ್ನು ಕೊನೆಯಲ್ಲಿ ಬಿಟ್ಟುಬಿಡುತ್ತೇವೆ, ನಿಯಮಾವಳಿಯಲ್ಲೇ ಇದೆ ಎಂದು ಸಮಾಧಾನ ಹೇಳಿದರು.

ಆ ಗಳಿಗೆಯಲ್ಲಿ ಹೊತ್ತಿಕೊಂಡಷ್ಟು ನನ್ನ ಹೊಟ್ಟೆ ಎಂದೂ ಹೊತ್ತಿಕೊಂಡಿರಲಿಲ್ಲ. ಲ್ಯಾಪ್‌ಟಾಪ್ ಬೇಕಾದರೆ ಇಟ್ಟುಕೊಳ್ಳಲಿ. ಶೂ ಇಟ್ಟುಕೊಳ್ಳಲಿ. ತಪ್ಪೊಪ್ಪಿಕೊಂಡರೆ ತಲೆ ಸವರುವ ಜನ ಇದ್ದರಲ್ಲ ಅವಳಿಗೆ! ಅವಳು ಒಪ್ಪಿಕೊಂಡರೆ ಒಳ್ಳೆಯ ಹುಡುಗಿ. ಅಮ್ಮ ಒಪ್ಪಿಕೊಂಡು ಹದಿನೆಂಟು ವರ್ಷ ಕಳ್ಳಿಯಾದಳು, ಅದೂ ಮಾಡದ ತಪ್ಪಿಗೆ.

ಮುಖ್ಯಸ್ಥೆ ಗುಮಾಸ್ತನಿಗೆ ಏನೋ ಹೇಳಿದರು. ಅವನು ಫೈಲಿನಿಂದ ಇನ್ನೊಂದು ಫಾರಂ ತೆಗೆದ.

"ನೋಡಮ್ಮಾ" ಮುಖ್ಯಸ್ಥೆ ನನ್ನತ್ತ ನೋಡಿದರು. "ನೀನು ಕದ್ದಿಲ್ಲ. ಒಪ್ಪಿದೆ. ಆದ್ರೆ ನಿನ್ನ ಕೆಲಸ ಇನ್ನೊಬ್ಬರ ಕೈಗೆ ಸಿಗೋ ಹಾಗೆ ಬಿಟ್ಟಿದೀಯ. ತಗೊಂಡೋರು, ಕೊಟ್ಟೋರು, ಇಬ್ಬರಿಗೂ ನಿಯಮ ಒಂದೇ. ಇದು ಕೊಟ್ಟೋರ ಫಾರಂ. ಬಂದು ಸಹಿ ಹಾಕು."

"ಹಾಕಿದ್ರೆ ನನ್ನ ಸೀಟು?"

ಅವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಒಂಬತ್ತನೇ ಪುಟ ತೆರೆದಿಟ್ಟುಕೊಂಡಿದ್ದರು. ಮೊದಲ ದಿನ ಓದಿದ್ದ ಆ ಸಣ್ಣ ಅಕ್ಷರದ ಸಾಲನ್ನು ಈ ಸಲ ಅವರು ಬಾಯಿಬಿಟ್ಟು ಓದಲಿಲ್ಲ.

"ಹಾಕದಿದ್ರೆ?"

ಉತ್ತರ ಕೊಟ್ಟವನು ಗುಮಾಸ್ತ. "ಸಹಿ ಇಲ್ದೆ ಫೈಲು ಮುಚ್ಚೋಕಾಗಲ್ಲ. ಸೀಟೂ ತೆಗೆಯೋಕಾಗಲ್ಲ. ಮೇಲಿನ ಮಂಡಳಿಗೆ ಹೋಗುತ್ತೆ. ಇಲ್ಲಿ ನಡೆದದ್ದೆಲ್ಲ ನಾನು ಬರೆದು ಕಳಿಸ್ಬೇಕಾಗುತ್ತೆ, ಮೇಡಂ." ಕೊನೆಯ ಮಾತನ್ನು ಅವನು ಮುಖ್ಯಸ್ಥೆಗೆ ಹೇಳಿದ. ನೆಲ ಒರೆಸಿದ್ದನ್ನೂ ಬರೆಯಬೇಕಾ ಎಂದು ಅವನ ಮುಖವೇ ಕೇಳುತ್ತಿತ್ತು.

ಮುಖ್ಯಸ್ಥೆಯ ದನಿ ಗಡುಸಾಯಿತು. "ಮಂಡಳಿಗೆ ಹೋದ್ರೆ ನಿನ್ನ ಕೆಲಸಕ್ಕೂ ಕುತ್ತು. ಗೊತ್ತಾ? ಸುಮ್ಮನೆ ಬಂದು ಸಹಿ ಹಾಕು."

ಫಾರಂ ಮೇಜಿನ ಮೇಲಿತ್ತು. ಪೆನ್ನು ಅದರ ಮೇಲಿತ್ತು. ನನಗೂ ಮೇಜಿಗೂ ನಡುವೆ ಹತ್ತು ಹೆಜ್ಜೆ ನೆಲ. ನಾನೇ ಒರೆಸಿದ ನೆಲ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿತ್ತು, ಒಂದೂ ಗುರುತಿಲ್ಲ. ಸುಳ್ಳು ಹೇಳುವುದಿಲ್ಲ, ಕೆಲಸದ ಮಾತು ಬಂದಾಗ ಹೆದರಿದೆ. ಅಮ್ಮನ ಔಷಧಿ, ಬಾಡಿಗೆ ಎಲ್ಲ ನೆನಪಾಯಿತು. ಆಮೇಲೆ ಅಮ್ಮನ ಚೀಲ ನೆನಪಾಯಿತು, ಯಾರದೋ ಮೇಜಿನ ಮೇಲೆ ಬೋರಲಾಗಿ ಸುರಿದ ಚೀಲ.

"ಬರಲ್ಲ ಮೇಡಂ" ಅಂದೆ.

"ಅಂದ್ರೆ?"

"ನೆಲ ಒದ್ದೆ ಇದೆ. ನಾನು ಮಾಡಿದ ಕೆಲಸನ ನಾನು ತುಳಿಯಲ್ಲ. ಈ ನೆಲಾನೂ ಅಷ್ಟೆ, ಆ ಪ್ರೋಗ್ರಾಮೂ ಅಷ್ಟೆ. ಸಹಿ ಹಾಕಲ್ಲ. ಬರೆದು ಕಳಿಸಿ. ಒರೆಸಿದ್ದನ್ನೂ ಸೇರಿಸಿ ಬರೀರಿ."

ಹಳದಿ ಬೋರ್ಡು ತೆಗೆದು ಹೊಸ್ತಿಲಿಗೆ ಅಡ್ಡ ಇಟ್ಟೆ. ಬಿಳಿ ಶೂ ಅಳು ನಿಲ್ಲಿಸಿ ಎದ್ದು ನಿಲ್ಲಲು ಹೋದಳು. ಒಂದು ಕಾಲು ಕೆಳಗಿಟ್ಟವಳು ಬೋರ್ಡು ನೋಡಿದಳು. ಇಷ್ಟು ವಾರಗಳಲ್ಲಿ ಮೊದಲ ಸಲ ನೋಡಿದಳು. ಕಾಲನ್ನು ಮತ್ತೆ ಕುರ್ಚಿಯ ಮೇಲೆ ಎಳೆದುಕೊಂಡಳು.

ಮುಖ್ಯಸ್ಥೆ ಗಡಿಯಾರ ನೋಡಿಕೊಂಡರು. "ನನಗೆ ಹನ್ನೆರಡಕ್ಕೆ ಇನ್ನೊಂದು ಸಭೆ ಇದೆ. ಎಷ್ಟು ಹೊತ್ತು ಬೇಕು ಇದು ಒಣಗೋಕೆ?"

"ಹತ್ತು ನಿಮಿಷ ಮೇಡಂ. ಫ್ಯಾನ್ ಹಾಕಿದ್ರೆ ಐದು."

ಫ್ಯಾನಿನ ಸ್ವಿಚ್ಚು ಬಾಗಿಲ ಪಕ್ಕದ ಗೋಡೆಯ ಮೇಲಿತ್ತು, ನನ್ನ ಕೈಗೆ ಎಟಕುವಂತೆ. ನಾನು ಹಾಕಲಿಲ್ಲ.